ತಾಳಗುಪ್ಪದಿಂದ ಹೊನ್ನಾವರಕ್ಕೆ: ನಿಧಾನವಾಗಿ ಬರುವವನೇ ಒಳ್ಳೆಯ ಗಿರಾಕಿ

ಪ್ರವಾಸೋದ್ಯಮವೆಂದೊಡನೆ ನಮ್ಮ ವರ್ತಕ ಬಂಧುಗಳ ಕಣ್ಣಮುಂದೆ ಬಂದು ನಿಲ್ಲುವುದು ಜುಲೈ, ಆಗಸ್ಟ್ ತಿಂಗಳುಗಳ ಜೋಗ. ಕಾರುಗಳ ಸಾಲು, ಛತ್ರಿ ಹಿಡಿದ ಜನ, ಬಿಸಿ ಜೋಳದ ಗಾಡಿ. 253 ಮೀಟರ್ ಎತ್ತರದಿಂದ ಧುಮುಕುವ ಶರಾವತಿಯನ್ನು ಒಂದೆರಡು ಗಂಟೆ ನೋಡಿ, ಚಹಾ ಕುಡಿದು, ಈ ಜನ ಮುರುಡೇಶ್ವರಕ್ಕೋ ಬೆಂಗಳೂರಿಗೋ ಹೊರಟುಬಿಡುತ್ತಾರೆ. ತಿಂಡಿಯ ಡಬ್ಬಿ, ನೀರಿನ ಕ್ಯಾನು ಎಲ್ಲವೂ ಕಾರಿನಲ್ಲೇ ಇರುತ್ತವೆ. ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪೆ, ಕವಲಕ್ಕಿಗಳು ಅವರ ಪಾಲಿಗೆ ಕಿಟಕಿಯಾಚೆ ಓಡುವ ಹೆಸರುಫಲಕಗಳು ಮಾತ್ರ. ಪ್ರವಾಸಿಗರ ಸಂಖ್ಯೆ ಹೆಚ್ಚಿದರೆ ವ್ಯಾಪಾರ ತಾನಾಗಿಯೇ ಹೆಚ್ಚುತ್ತದೆಂಬ ನಂಬಿಕೆಯನ್ನು ನಾವು ಇನ್ನಾದರೂ ಪರಿಶೀಲಿಸಬೇಕು. ಎಷ್ಟು ಜನ ಬಂದರು ಎಂಬುದಕ್ಕಿಂತ ಎಷ್ಟು ನಿಧಾನವಾಗಿ ಹೋದರು ಎಂಬುದೇ ದಾರಿಬದಿಯ ಅಂಗಡಿಕಾರನಿಗೆ ಮುಖ್ಯ.

ಈ ಹಿನ್ನೆಲೆಯಲ್ಲಿ ಒಂದು ದಾರಿಯ ಕಡೆಗೆ ಓದುಗರ ಗಮನ ಸೆಳೆಯಲು ಬಯಸುತ್ತೇನೆ. ಮೈಸೂರಿನ ಕಡೆಯಿಂದ ಬರುವ ರೈಲು ತಾಳಗುಪ್ಪದಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಕರಾವಳಿಗೆ ಹಳಿ ಹಾಕಬೇಕೆಂಬ ಬೇಡಿಕೆ ಬಹಳ ಹಳೆಯದು. ಹಳಿ ಮಾತ್ರ ಘಟ್ಟ ಇಳಿದಿಲ್ಲ. ಮತ್ತೆ ರೈಲು ಕಾಣಸಿಗುವುದು ಹೊನ್ನಾವರದ ಕೊಂಕಣ ರೈಲ್ವೆ ನಿಲ್ದಾಣದಲ್ಲಿ. ಇವೆರಡರ ನಡುವೆ, ಜೋಗವನ್ನು ಹೊಕ್ಕು ಬರುವುದಾದರೆ, ಸುಮಾರು 75 ಕಿ.ಮೀ. ರಸ್ತೆ. ಹಿಂದೆ 206 ಎಂದು ಕರೆಯುತ್ತಿದ್ದ, ಈಗ 69 ಎಂಬ ಸಂಖ್ಯೆ ಪಡೆದಿರುವ ರಾಷ್ಟ್ರೀಯ ಹೆದ್ದಾರಿಯೇ ಇದರ ಬಹುಭಾಗ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ ಎಂದು ಪ್ರತಿ ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತೇವೆ. ಹೆಚ್ಚುಕಡಿಮೆ ಅಷ್ಟು ಎತ್ತರದಿಂದ ಸಮುದ್ರಮಟ್ಟದವರೆಗೆ ಈ ದಾರಿ ಇಳಿಯುತ್ತದೆ. ಅಡಿಕೆ ತೋಟ, ಮಾವಿನಗುಂಡಿಯ ನಂತರ ಗೇರುಸೊಪ್ಪೆ ಘಟ್ಟದ ದಟ್ಟ ಕಾಡು, ಅಲ್ಲಿಂದ ಸುಮಾರು 30 ಕಿ.ಮೀ. ಹೊಳೆಯ ಜೊತೆಗೇ ಸಾಗುವ ತೆಂಗಿನ ನಾಡು, ಕೊನೆಗೆ ಅಳಿವೆ. ಎರಡೂ ತುದಿಗೆ ರೈಲು, ನಡುವೆ ಒಂದು ನದಿಯ ಕಣಿವೆ, ಅದೂ ಇಳಿಜಾರು! ಸೈಕಲ್ ಪ್ರವಾಸಕ್ಕೆ ಇಂಥ ಅನುಕೂಲ ದೇಶದಲ್ಲಿ ಅಪರೂಪವೆಂದೇ ನನ್ನ ಅಭಿಪ್ರಾಯ.

ಸೈಕಲ್ ಎಂದೊಡನೆ ಕೆಲವರು ನಗಬಹುದು. ಅವರು ಯುರೋಪಿನ ಡ್ಯಾನ್ಯೂಬ್ ನದಿಯ ದಂಡೆಯನ್ನು ಗಮನಿಸಬೇಕು. ಜರ್ಮನಿಯ ಪಸ್ಸೌ ಪಟ್ಟಣದಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಸುಮಾರು 320 ಕಿ.ಮೀ. ಸೈಕಲ್ ದಾರಿ ಇದೆ. ಒಂದು ಕಾಲದಲ್ಲಿ ದೋಣಿಗಳನ್ನು ಪ್ರವಾಹಕ್ಕೆ ಎದುರಾಗಿ ಕುದುರೆಗಳಿಂದ ಎಳೆಸುತ್ತಿದ್ದ ದಂಡೆಯ ಹಾದಿಯೇ ಇದರ ಬಹುಪಾಲು. ಆ ಕಸುಬು ಅಳಿದ ಮೇಲೆ ಹಾದಿ ಪಾಳುಬೀಳದೆ ಸೈಕಲ್‌ಗೆ ಒದಗಿತು. ಜನ ಸಾಮಾನ್ಯವಾಗಿ ನದಿಯೊಂದಿಗೆ ಕೆಳಮುಖವಾಗಿ, ಆರೇಳು ದಿನ ತೆಗೆದುಕೊಂಡು ಸಾಗುತ್ತಾರೆ. 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ವಾಖೌ ಕಣಿವೆಯಲ್ಲಿ ದ್ರಾಕ್ಷಿ ತೋಟ, ಏಪ್ರಿಕಾಟ್ ತೋಟಗಳ ನಡುವೆಯೇ ದಾರಿ ಹಾಯುತ್ತದೆ. ಬೆಳೆಗಾರರು ತಮ್ಮ ಹಣ್ಣನ್ನೂ ಜಾಮನ್ನೂ ಮನೆ ಬಾಗಿಲಲ್ಲೇ ಮಾರುತ್ತಾರೆ. ನದಿ ಬಳಸಿ ತಿರುಗುವ ಷ್ಲೋಗನ್ ಎಂಬಲ್ಲಿ ಸೈಕಲ್ ಸವಾರರನ್ನು ದಾಟಿಸುವ ದೋಣಿಗಳೂ ಇವೆ.

ನಮಗೆ ಇದಕ್ಕಿಂತ ಉಪಯುಕ್ತವಾದ ಪಾಠ ಜರ್ಮನಿಯ ಸೈಕಲ್ ಸವಾರರ ಸಂಘ 1995ರಲ್ಲಿ ಆರಂಭಿಸಿದ ‘ಬೆಟ್ ಪ್ಲಸ್ ಬೈಕ್’ ಎಂಬ ವಸತಿಗೃಹಗಳ ಮಾನ್ಯತಾ ಪದ್ಧತಿ. ಅದರ ಷರತ್ತುಗಳು ಬಹಳ ಸರಳ. ಒಂದೇ ರಾತ್ರಿಗೆ ಬಂದವರಿಗೂ ಇಲ್ಲವೆನ್ನದೆ ಕೋಣೆ ಕೊಡಬೇಕು. ಸೈಕಲ್ ಇಡಲು ಬೀಗ ಹಾಕುವ ಜಾಗ, ಒದ್ದೆ ಬಟ್ಟೆ ಒಣಗಿಸುವ ವ್ಯವಸ್ಥೆ, ಬೆಳಿಗ್ಗೆ ಹೊಟ್ಟೆತುಂಬ ತಿಂಡಿ, ಸಣ್ಣ ರಿಪೇರಿಗೆ ಸಲಕರಣೆ ಇರಬೇಕು. ಬಿಸಿನೀರಿನ ಹಂಡೆ, ಅಡಿಕೆ ಅಟ್ಟ, ಬಚ್ಚಲೊಲೆ ಇರುವ ಮಲೆನಾಡಿನ ಮನೆಗೆ ಇದರಲ್ಲಿ ಯಾವುದು ಕಷ್ಟ? ಒಣಗಿಸುವ ವಿದ್ಯೆಯನ್ನಂತೂ ನಮಗೆ ಯಾರೂ ಕಲಿಸಬೇಕಾಗಿಲ್ಲ.

ನಿಧಾನಕ್ಕೂ ವ್ಯಾಪಾರಕ್ಕೂ ಇರುವ ಸಂಬಂಧ ನಮಗೆ ಹೊಸದಲ್ಲ. ಇದೇ ಶರಾವತಿಯ ಹಿನ್ನೀರಿನಲ್ಲಿ, ಅಂಬಾರಗೊಡ್ಲು ಮತ್ತು ಕಳಸವಳ್ಳಿಯ ನಡುವೆ, 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯಿತು. ಮುಳುಗಡೆಯಿಂದ ದಶಕಗಳ ಕಾಲ ದ್ವೀಪವಾಸಿಗಳಂತೆ ಬದುಕಿದ ತುಮರಿ ಭಾಗದ ಜನರಿಗೆ ಅದು ಸಲ್ಲಬೇಕಾದ ನ್ಯಾಯ, ತಡವಾಯಿತೆಂಬುದೊಂದೇ ದೂರು. ಆದರೆ ಲಾಂಚಿಗಾಗಿ ಕಾಯುವ ಹೊತ್ತೇ ದಡದ ಚಹಾ ಅಂಗಡಿಯ ದುಡಿಮೆಯ ಹೊತ್ತಾಗಿತ್ತೆಂಬುದನ್ನೂ ಅಲ್ಲಗಳೆಯಲಾಗದು. ನಿಲ್ಲಬೇಕಾದ ಕಾರಣ ಹೋದಾಗ ನಿಲ್ಲುವವರೂ ಹೋಗುತ್ತಾರೆ. ಸೈಕಲ್ ಸವಾರನಾದರೋ ಯಾರೂ ತಡೆಯದೆಯೇ ನಿಲ್ಲುತ್ತಾನೆ. ಹದಿನೈದು ಇಪ್ಪತ್ತು ಕಿ.ಮೀ.ಗೊಮ್ಮೆ ಅವನಿಗೆ ನೀರು ಬೇಕು, ಬಾಳೆಹಣ್ಣು ಬೇಕು, ನೆರಳು ಬೇಕು. ಹೊತ್ತು ತರಲು ಡಿಕ್ಕಿ ಇಲ್ಲವಾದ್ದರಿಂದ ಎಲ್ಲವನ್ನೂ ದಾರಿಯಲ್ಲೇ ಕೊಳ್ಳುತ್ತಾನೆ.

ಇನ್ನೊಂದು ಸಂಗತಿ. ಜೋಗದ ಕಾರಿನ ಪ್ರವಾಸಿ ಮಳೆಗಾಲದವನು. ಸೈಕಲ್‌ನವನು ಮಳೆ ಮುಗಿದ ಮೇಲೆ, ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಬರುವವನು. ಜಲಪಾತ ಆಗ ಸೊರಗಿರುತ್ತದೆ, ನಿಜ. ಆದರೆ ಅಡಿಕೆ ಕೊಯ್ಲು, ಆಲೆಮನೆ, ಘಟ್ಟದ ಚಳಿ ಎಲ್ಲವೂ ಆಗಿನವೇ. ಖಾಲಿ ಹೊಡೆಯುವ ತಿಂಗಳುಗಳಿಗೆ ಗಿರಾಕಿ ಸಿಕ್ಕಂತಾಗುತ್ತದೆ. ಒಂದು ಅಂದಾಜು ಹಾಕೋಣ: ವಾರಾಂತ್ಯಕ್ಕೆ 30 ಸವಾರರು, ಇಪ್ಪತ್ತು ವಾರಾಂತ್ಯಗಳು, ತಲಾ ರೂ. 3,000 ಖರ್ಚು. ಒಟ್ಟು ರೂ. 18 ಲಕ್ಷ. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ. ಇದನ್ನು ಉದ್ಯಮವೆಂದು ಕರೆದರೆ ನಗೆಪಾಟಲು. ಆದರೆ ಈ ಹಣ ನಲವತ್ತು ಸಣ್ಣ ಅಂಗಡಿ, ಖಾನಾವಳಿ, ಮನೆಗಳಿಗೆ ಹಂಚಿಹೋಗುತ್ತದೆ. ಅಷ್ಟೇ ಹಣ ಒಂದು ದೊಡ್ಡ ರೆಸಾರ್ಟಿನ ಲೆಕ್ಕಕ್ಕೆ ಹೋದರೆ ಊರಿನಲ್ಲಿ ಉಳಿಯುವುದೆಷ್ಟು?

ಬರುವವರು ಯಾರೆಂಬ ಪ್ರಶ್ನೆಗೂ ಉತ್ತರವಿದೆ. ಬೆಂಗಳೂರಿನಿಂದ ಹುಟ್ಟಿಕೊಂಡ ‘ಟೂರ್ ಆಫ್ ನೀಲಗಿರೀಸ್’ ಎಂಬ ಸೈಕಲ್ ಯಾತ್ರೆ 2008ರಲ್ಲಿ ಆರಂಭವಾಯಿತು. ಪಶ್ಚಿಮ ಘಟ್ಟದ ಕಾಡುದಾರಿಗಳಲ್ಲಿ ದಿನಗಟ್ಟಲೆ ತುಳಿಯುವ, ಅದಕ್ಕಾಗಿ ಹಣ ಕೊಡುವ ಜನ ನಮ್ಮ ರಾಜ್ಯದಲ್ಲೇ ಇದ್ದಾರೆಂಬುದಕ್ಕೆ ಅದೇ ಸಾಕ್ಷಿ. 2025ರ ಸೆಪ್ಟೆಂಬರ್‌ನಲ್ಲಿ ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದದ್ದನ್ನೂ ಸದಸ್ಯರು ಗಮನಿಸಿರಬಹುದು.

ಕೊರತೆ ಇರುವುದು ನಮ್ಮ ಸರಕಿನಲ್ಲಿ. ಇಂದಿನ ದುಬಾರಿ ಸೈಕಲ್‌ಗಳ ಟ್ಯೂಬಿಗೆ ‘ಪ್ರೆಸ್ಟಾ’ ಎಂಬ ಸಪೂರ ವಾಲ್ವ್ ಇರುತ್ತದೆ. ನಮ್ಮ ಪಂಕ್ಚರ್ ಅಂಗಡಿಯ ಪಂಪು ಅದಕ್ಕೆ ಹಿಡಿಯುವುದಿಲ್ಲ. ಬೇಕಾದದ್ದು ಬೆರಳ ತುದಿಯಷ್ಟು ದೊಡ್ಡ, ಅಲ್ಪ ಬೆಲೆಯ ಒಂದು ಹಿತ್ತಾಳೆ ಅಡಾಪ್ಟರ್. ತಾಳಗುಪ್ಪದಿಂದ ಹೊನ್ನಾವರದವರೆಗೆ ಪ್ರತಿ ಪಂಕ್ಚರ್ ಅಂಗಡಿಯಲ್ಲೂ ಅದೊಂದು ಇದ್ದರೆ ಅರ್ಧ ಕೆಲಸ ಆದಂತೆ. ಇನ್ನು ಸುಕೇಳಿ. ಒಣಗಿಸಿದ ಬಾಳೆಹಣ್ಣಿಗಿಂತ ಉತ್ತಮವಾದ ಸವಾರಿಯ ಆಹಾರವನ್ನು ಯಾವ ವಿದೇಶಿ ಕಂಪನಿಯೂ ತಯಾರಿಸಿಲ್ಲ. ಆದರೆ ಅದನ್ನು ಕಾಲು ಕಿಲೋ, ಅರ್ಧ ಕಿಲೋ ಲೆಕ್ಕದಲ್ಲಿ ಕಟ್ಟಿದರೆ ಸವಾರನ ಜೇಬು ಹಿಡಿಯುವುದಿಲ್ಲ. ಐವತ್ತು ಗ್ರಾಂ ಪೊಟ್ಟಣ ಬೇಕು. ಸಾಗರದ ಗುಡಿಗಾರರ ಗಂಧದ ಕೆತ್ತನೆಯನ್ನು ಸೈಕಲ್ ಮೇಲೆ ಒಯ್ಯಲಾಗದು. ಅಂಗಡಿಯೇ ಅಂಚೆಯ ಮೂಲಕ ಮನೆಗೆ ಕಳಿಸಿಕೊಡಬೇಕು. ದಕ್ಷಿಣ ಕೊರಿಯಾದಲ್ಲಿ ನದಿಗಳ ಗುಂಟ ಸಾಗುವ 633 ಕಿ.ಮೀ. ಸೈಕಲ್ ದಾರಿಯಲ್ಲಿ ಸವಾರರು ಪುಟ್ಟ ಪುಸ್ತಕವೊಂದಕ್ಕೆ ಅಲ್ಲಲ್ಲಿ ಮುದ್ರೆ ಒತ್ತಿಸಿಕೊಳ್ಳುತ್ತಾರೆ. ಅಲ್ಲಿ ಮುದ್ರೆ ಇರುವುದು ದಾರಿಬದಿಯ ಗೂಡಿನಲ್ಲಿ. ನಮ್ಮಲ್ಲಿ ಅದು ಅಂಗಡಿಯ ಗಲ್ಲಾದ ಪಕ್ಕದಲ್ಲಿರಲಿ.

ಈಗ ಕಷ್ಟದ ಮಾತು. ಇದು ಹೆದ್ದಾರಿ. ಗೇರುಸೊಪ್ಪೆ ಘಟ್ಟದ ತಿರುವುಗಳಲ್ಲಿ ಲಾರಿ, ಬಸ್ಸುಗಳ ನಡುವೆ ಸೈಕಲ್ ತುಳಿಯುವುದು ಅಪಾಯವೆಂಬುದನ್ನು ಮುಚ್ಚಿಟ್ಟು ಯಾರನ್ನೂ ಆಹ್ವಾನಿಸಬಾರದು. ಡಾಂಬರಿನ ಅಂಚಿಗೂ ಪಕ್ಕದ ಮಣ್ಣಿಗೂ ನಡುವಿನ ಗೇಣುದ್ದದ ಇಳಿತವೇ ಸವಾರನನ್ನು ಬೀಳಿಸುವಂಥದ್ದು; ಅದನ್ನು ಸಮ ಮಾಡಿ, ಕುರುಡು ತಿರುವುಗಳಲ್ಲಿ ಫಲಕ ಹಾಕುವಂತೆ ಹೆದ್ದಾರಿ ಅಧಿಕಾರಿಗಳನ್ನು ಕೇಳಬೇಕು. ಪ್ರತ್ಯೇಕ ಸೈಕಲ್ ಪಥವನ್ನು ಮಾತ್ರ ಕೇಳಬಾರದು. ಸಿಂಗಳೀಕಗಳಿರುವ ಆ ಕಾಡಿನಲ್ಲಿ ಇನ್ನೊಂದು ಸಾಲು ಮರ ಕಡಿದರೆ, ಸವಾರ ನೋಡಬಂದದ್ದನ್ನೇ ಕಳೆದುಕೊಂಡಂತಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ನಮ್ಮ ಕೈಯಲ್ಲೇ ಇದೆ. ಆ ಲಾರಿಗಳಲ್ಲಿ ಹೋಗುವ ಸರಕು ಬಹುಮಟ್ಟಿಗೆ ನಮ್ಮದೇ, ಲಾರಿಗಳೂ ಅನೇಕ ಸಂದರ್ಭಗಳಲ್ಲಿ ನಮ್ಮ ಸದಸ್ಯರವೇ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಭಾನುವಾರಗಳಂದು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಘಟ್ಟದಲ್ಲಿ ಭಾರದ ಲಾರಿ ಓಡಿಸುವುದಿಲ್ಲವೆಂದು ನಾವೇ ಒಪ್ಪಿಕೊಂಡರೆ ಯಾವ ಸರ್ಕಾರಿ ಆದೇಶವೂ ಬೇಕಾಗದು. ಮೀನಿನ ಲಾರಿ ಕಾಯಲಾರದು, ಅದಕ್ಕೆ ವಿನಾಯಿತಿ ಕೊಡೋಣ. ಸಿಮೆಂಟು ಮೂರು ಗಂಟೆ ತಡವಾದರೆ ಕೆಡುವುದಿಲ್ಲ. ಲಾರಿ ಮಾಲೀಕರಿಗೆ ಇದರಿಂದ ನೇರ ಲಾಭವಿಲ್ಲ, ಸ್ವಲ್ಪ ನಷ್ಟವೂ ಉಂಟು. ಆದ್ದರಿಂದ ಇದು ಸುಲಭವಾಗಿ ಆಗುವ ಒಪ್ಪಂದವೆಂದು ನಾನು ಹೇಳಲಾರೆ.

ಈ ದಾರಿ ಶಿವಮೊಗ್ಗ ಜಿಲ್ಲೆಯಲ್ಲಿ ಆರಂಭವಾಗಿ ಉತ್ತರ ಕನ್ನಡದಲ್ಲಿ ಮುಗಿಯುತ್ತದೆ. ಒಂದು ತುದಿ ನೈಋತ್ಯ ರೈಲ್ವೆಗೆ, ಇನ್ನೊಂದು ಕೊಂಕಣ ರೈಲ್ವೆಗೆ, ನಡುವಿನ ಕಾಡು ಅರಣ್ಯ ಇಲಾಖೆಗೆ ಸೇರಿದೆ. ಎಲ್ಲರಿಗೂ ಸೇರಿದ್ದನ್ನು ಯಾರೂ ಕೇಳುವುದಿಲ್ಲ. ಎರಡೂ ಜಿಲ್ಲೆಗಳ ವರ್ತಕ ಸಂಸ್ಥೆಗಳು ಮಳೆ ನಿಲ್ಲುವ ಮೊದಲು ಗೇರುಸೊಪ್ಪೆಯಲ್ಲಿ ಒಮ್ಮೆ ಕೂಡಬೇಕು. ಎರಡು ನಿಲ್ದಾಣಗಳಲ್ಲಿ ಸೈಕಲ್ ಬುಕ್ ಮಾಡುವ ಅನುಕೂಲಕ್ಕೆ ಜಂಟಿ ಮನವಿ ಬರೆಯುವುದು ಹತ್ತು ನಿಮಿಷದ ಕೆಲಸ. ಸಭೆಯ ಉಳಿದ ಹೊತ್ತೆಲ್ಲ ಭಾನುವಾರದ ಆ ಮೂರು ಗಂಟೆಗಳಿಗೇ ಮೀಸಲಿರಲಿ, ಲಾರಿ ಮಾಲೀಕರನ್ನು ಮೊದಲ ಸಾಲಿನಲ್ಲೇ ಕೂರಿಸಿಕೊಂಡು.