ಡಿಗ್ರಿ ಮೊದಲೋ, ಬೌಲಿಂಗ್ ಮೊದಲೋ?

"ಮೊದಲು ಡಿಗ್ರಿ ತಗೋ, ಆಮೇಲೆ ಬೌಲಿಂಗು." ಇಂಜಿನಿಯರಿಂಗ್ ಸೀಟೂ ಸಿಕ್ಕಿ, ಕೈಯಲ್ಲಿ ಚೆಂಡೂ ಇರುವ ಹುಡುಗನ ಮನೆಯಲ್ಲಿ ಈ ಮಾತು ತಪ್ಪಿದ್ದಲ್ಲ. ನಮ್ಮ ಮೈಸೂರಿನಲ್ಲಂತೂ ಅಪ್ಪಂದಿರ ಬಳಿ ಒಂದು ಹೆಸರೂ ಸಿದ್ಧವಾಗಿರುತ್ತದೆ. "ಅಂಥಾ ಪ್ರಸನ್ನನೇ ಓದು ಮುಗಿಸ್ಕೊಂಡು ಬಂದು ಆಡ್ಲಿಲ್ವೇನೋ?"

ಆಡಿದರು, ನಿಜ. ಆದರೆ ಆ ಕಥೆಯನ್ನು ಪೂರ್ತಿ ಹೇಳುವವರು ಕಡಿಮೆ.

ಇ.ಎ.ಎಸ್. ಪ್ರಸನ್ನ ಓದಿದ್ದು ಇಲ್ಲಿನ ಎನ್.ಐ.ಇ. ಕಾಲೇಜಿನಲ್ಲಿ. 1962ರ ಜನವರಿಯಲ್ಲಿ, ಇನ್ನೂ 21ರ ಹುಡುಗ, ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಅದರ ಬೆನ್ನಿಗೇ ವೆಸ್ಟ್ ಇಂಡೀಸ್ ಪ್ರವಾಸ. ಅಪ್ಪನಿಗೆ ಮನಸ್ಸಿರಲಿಲ್ಲ. ಬಂದ ಮೇಲೆ ಓದು ಮುಗಿಸುತ್ತೇನೆ ಎಂದು ಮಾತು ಕೊಟ್ಟೇ ಹುಡುಗ ಹೊರಟದ್ದು. ಕಿಂಗ್‌ಸ್ಟನ್‌ನಲ್ಲಿ ಒಂದು ಟೆಸ್ಟ್ ಆಡಿದರು, ಬಂದರು, ಮಾತು ಉಳಿಸಿಕೊಂಡರು.

ಮತ್ತೆ ಟೆಸ್ಟ್ ಅಂಗಳಕ್ಕೆ ಇಳಿದದ್ದು 1967ರ ಜನವರಿಯಲ್ಲಿ! ನಡುವೆ ಇಂಗ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ತಂಡಗಳು ಬಂದು ಆಡಿ ಹೋದವು. ಹನ್ನೆರಡು ಟೆಸ್ಟ್. ಒಂದರಲ್ಲೂ ಪ್ರಸನ್ನ ಇಲ್ಲ.

ಅಪ್ಪ ತಪ್ಪು ಮಾಡಿದರೇ? ಹಾಗನ್ನಲಾಗದು. ಆಗ ಕ್ರಿಕೆಟ್ ನಂಬಿ ಸಂಸಾರ ಸಾಗುತ್ತಿರಲಿಲ್ಲ. ಡಿಗ್ರಿಯೇ ಅನ್ನದ ದಾರಿ. ಆದರೆ ಕಳೆದುಕೊಂಡದ್ದೆಷ್ಟು ಎಂಬುದಕ್ಕೆ ಮುಂದಿನ ಲೆಕ್ಕವೇ ಸಾಕ್ಷಿ. 1967-68ರಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್ ನೆಲದಲ್ಲಿ ಎಂಟೇ ಟೆಸ್ಟ್‌ಗಳಲ್ಲಿ 49 ವಿಕೆಟ್. ಭಾರತ ಹೊರದೇಶದಲ್ಲಿ ಮೊದಲ ಬಾರಿ ಸರಣಿ ಗೆದ್ದದ್ದೂ ಆಗಲೇ, ನ್ಯೂಜಿಲೆಂಡಿನಲ್ಲಿ. 20ನೇ ಟೆಸ್ಟ್‌ಗೆ 100 ವಿಕೆಟ್ ಮುಟ್ಟಿದ ಆ ದಾಖಲೆಯನ್ನು ಭಾರತದವರು ಮುರಿಯಲು 2013ರಲ್ಲಿ ಅಶ್ವಿನ್ ಬರಬೇಕಾಯಿತು. ಒಟ್ಟು 49 ಟೆಸ್ಟ್, 189 ವಿಕೆಟ್. ಆ ಐದು ವರ್ಷವೂ ಸೇರಿದ್ದರೆ? ಅಂಗಡಿ ಇಟ್ಟವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಪ್ರಸನ್ನ ಸ್ಪಿನ್ನರು. ಸ್ಪಿನ್ನರ ಕೈ 26ಕ್ಕೂ ಪಳಗುತ್ತಲೇ ಇರುತ್ತದೆ. ವೇಗದ ಬೌಲರನ ಮೈ ಹಾಗೆ ಕಾಯುತ್ತದೆಯೇ? ಇದೇ ಊರಿನ ಜಾವಗಲ್ ಶ್ರೀನಾಥ್ ಅವರನ್ನೇ ನೋಡಿ. ಎಸ್.ಜೆ.ಸಿ.ಇ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವರು. 1989ರಲ್ಲಿ, 20ರ ವಯಸ್ಸಿಗೆ, ರಣಜಿಗೆ ಕಾಲಿಟ್ಟ ಮೊದಲ ಪಂದ್ಯದಲ್ಲೇ ಹೈದರಾಬಾದ್ ವಿರುದ್ಧ ಹ್ಯಾಟ್ರಿಕ್. 1991ರ ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್. 1997ಕ್ಕಾಗಲೇ ಭುಜದ ಆಪರೇಷನ್. ಆದರೂ ಎದ್ದು ಬಂದು 236 ಟೆಸ್ಟ್ ವಿಕೆಟ್ ತೆಗೆದರು, ಅದು ಅವರ ಛಲ. ಇಂಥವರಿಗೆ 20ರಲ್ಲಿ "ಐದು ವರ್ಷ ತಡಿಯಪ್ಪಾ" ಅಂದಿದ್ದರೆ ಬ್ರಿಸ್ಬೇನ್ ಎಲ್ಲಿ, ಹ್ಯಾಟ್ರಿಕ್ ಎಲ್ಲಿ!

ಆದ್ದರಿಂದ ಚೆಂಡು ಈಗ ಕಾಲೇಜುಗಳ ಅಂಗಳದಲ್ಲಿದೆ. ಹುಡುಗ ಟೀಮಿಗೆ ಸೆಲೆಕ್ಟ್ ಆದ ಮರುದಿನ ಗೇಟಿಗೆ ಬ್ಯಾನರ್ ಕಟ್ಟಲು ಯಾರೂ ಮರೆಯುವುದಿಲ್ಲ. ಅದೇ ಹುಡುಗ ಹಾಜರಿ ಕಡಿಮೆ ಬಿದ್ದಾಗ ಆಫೀಸಿನ ಕಿಟಕಿ ಮುಂದೆ ಒಬ್ಬನೇ ನಿಲ್ಲಬೇಕು. ಪುಕ್ಕಟೆ ಮಾರ್ಕ್ಸ್ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಹಾಗೆ ಕೊಟ್ಟರೆ ಅದೂ ಅನ್ಯಾಯವೇ. ಪಂದ್ಯಕ್ಕೂ ಪರೀಕ್ಷೆಗೂ ಒಂದೇ ದಿನ ಬಿದ್ದರೆ, ಆಡಿ ಬಂದವನಿಗೆ ಹದಿನೈದು ದಿನ ಬಿಟ್ಟು ಬೇರೆ ಪೇಪರ್ ಕೊಡಿ, ಅಷ್ಟೆ. ಮೈದಾನದಲ್ಲಿದ್ದ ದಿನವನ್ನು ಗೈರುಹಾಜರಿ ಎಂದು ಬರೆಯಬೇಡಿ. ಇದಕ್ಕೆ ಖರ್ಚಾಗುವುದು ಒಂದು ಪ್ರಶ್ನೆಪತ್ರಿಕೆ, ಒಬ್ಬ ಮೇಷ್ಟ್ರ ಮೂರು ಗಂಟೆ. ಈ ನಿಯಮವನ್ನು ಅಡ್ಮಿಷನ್ ದಿನವೇ ನೋಟಿಸ್ ಬೋರ್ಡಿಗೆ ಹಾಕಿದರೆ, ಮನೆಯಲ್ಲಿ ಅಪ್ಪನೂ ಪ್ರಸನ್ನರ ಹೆಸರು ಎತ್ತಬೇಕಾಗಿಲ್ಲ.