ಕೈಗೆ ಗೊತ್ತಿರೋದಕ್ಕೆ ಫ್ರೆಂಚಲ್ಲಿ ಏನಂತಾರೆ?

ಮೊನ್ನೆ ರಾತ್ರಿ ಅಕ್ಕನ ಮಗಳ ಫೋನು. ಫ್ರೆಂಚ್ ಕಲಿತು ಅನುವಾದದ ಕೆಲಸ ಮಾಡುವ ಹುಡುಗಿ. ಸೊರಬದ ಗುಡಿಗಾರರ ಗಂಧದ ಕೆತ್ತನೆ ಬಗ್ಗೆ ಯಾರೋ ಇಂಗ್ಲಿಷಿನಲ್ಲಿ ಬರೆದದ್ದನ್ನು ಫ್ರೆಂಚಿಗೆ ತರುತ್ತಿದ್ದಾಳೆ.

"ಮಾಮ, ಈ ನಾಲೆಡ್ಜ್ ತಂದೆಯಿಂದ ಮಗನಿಗೆ ಬರುತ್ತೆ ಅಂತ ಒಂದು ಸಾಲಿದೆ. ಯಾವ ನಾಲೆಡ್ಜ್ ಇದು?"

"ಜ್ಞಾನ ಕಣೇ, ಇನ್ನೇನು?" ಅಂದೆ.

"ಕನ್ನಡದಲ್ಲಿ ಹಾಗಂದು ಪಾರಾಗಬಹುದು. ಫ್ರೆಂಚಲ್ಲಿ ಎರಡು ಪದ ಇದೆ!"

ಒಂದು ‘ಸವ್ವಾರ್’, ಇನ್ನೊಂದು ‘ಕೊನೆಸಾಂಸ್’. ಊರು, ಮನುಷ್ಯರು ಪರಿಚಯವಿದ್ದರೆ ಎರಡನೆಯದರ ಮನೆತನದ ಕ್ರಿಯಾಪದ ಬೇಕು. ಈಜು ಬರುತ್ತೆ ಅನ್ನಲು ಮೊದಲನೆಯದು. ಕೂಡಿಟ್ಟ ವಿದ್ಯೆಗೂ ಅದೇ. ದೊಡ್ಡ ದೊಡ್ಡ ಒಪ್ಪಂದಗಳೂ ಇಲ್ಲಿ ಒಂದೇ ದಾರಿ ಹಿಡಿದಿಲ್ಲವಂತೆ. 1992ರ ಜೀವವೈವಿಧ್ಯ ಒಪ್ಪಂದದ ಫ್ರೆಂಚ್ ಪಾಠದಲ್ಲಿ ಸ್ಥಳೀಯ ಸಮುದಾಯಗಳ ನಾಲೆಡ್ಜ್ ‘ಕೊನೆಸಾಂಸ್’ ಆಗಿದೆ. 2024ರಲ್ಲಿ ಜಿನೀವಾದಲ್ಲಿ ಆದ ವೈಪೋ ಒಪ್ಪಂದದಲ್ಲಿ ಅದೇ ‘ಸವ್ವಾರ್’!

ಮಾರನೇ ದಿನ ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಸ್ ಹತ್ತಿದೆ. ದಾರಿಯುದ್ದಕ್ಕೂ ಅದೇ ಯೋಚನೆ. ಶಿರಾಳಕೊಪ್ಪದ ಮಗ್ಗುಲಿಗೇ ಬಳ್ಳಿಗಾವಿ. ಅಲ್ಲಿನ ಕೋಡಿಮಠದ 1162ರ ಶಾಸನ ನಾಲ್ಕು ವೇದ, ಪಾಣಿನಿಯ ವ್ಯಾಕರಣ, ದರ್ಶನ, ಪುರಾಣ ಎಂದು ಅಲ್ಲಿ ಓದಿಸುತ್ತಿದ್ದುದರ ಪಟ್ಟಿಯನ್ನೇ ಕೊಡುತ್ತದೆ. ಅದು ವಿದ್ಯೆ. ಅದೇ ಬಳ್ಳಿಗಾವಿಯ ಅಲ್ಲಮ ಹುಡುಕಿದ್ದು ಅರಿವು, ಅದನ್ನು ಪಟ್ಟಿ ಮಾಡಲಾಗದು. ಒಂದೇ ಊರಿನಲ್ಲಿ ಎರಡು ಪದ! ನಾವೋ, ಎಲ್ಲದಕ್ಕೂ ‘ಜ್ಞಾನ’ ಅಂತ ಒಂದೇ ಮೊಳೆ ಹೊಡೆಯುತ್ತೇವೆ.

ಸೊರಬದಲ್ಲಿ ನನಗೆ ಪರಿಚಯದ ಒಬ್ಬ ಹಿರಿಯ ಗುಡಿಗಾರರಿದ್ದಾರೆ. ವಿಷಯ ಹೇಳಿದೆ. ನಕ್ಕುಬಿಟ್ಟರು.

"ಜ್ಞಾನ ಎಲ್ಲಿಂದ ಬಂತು ಮಾರಾಯ್ರೆ, ನಾವೇನು ಓದಿದವರಾ? ಕೈಗೆ ಗೊತ್ತಿರುತ್ತೆ ಅಷ್ಟೆ."

ಹಾಗಂದವರೇ ಒಂದು ತುಂಡು ತಿರುಗಿಸಿ, ಎಳೆ ನೋಡಿ, "ಇಲ್ಲಿ ಉಳಿ ಇಟ್ಟರೆ ಸೀಳುತ್ತೆ" ಅಂದರು. ಮೂರ್ತಿಯ ಮುಖ ಇಷ್ಟಿದ್ದರೆ ಮೈ ಎಷ್ಟಿರಬೇಕು ಅನ್ನುವ ಲೆಕ್ಕ ಬಾಯಲ್ಲೇ ಇತ್ತು. ಮಗನ ಬಗ್ಗೆ ಕೇಳಿದೆ. "ಬೆಂಗಳೂರಲ್ಲಿದಾನೆ. ಅವನಿಗೆ ಇದು ಬರೋದಿಲ್ಲ" ಅಂದು ಸುಮ್ಮನಾದರು.

ನನಗೆ ಚುರುಕ್ ಅಂದದ್ದು ಇಲ್ಲಿ. ಓದಿದವರಿಗೆ ಮಾತ್ರ ಇರೋದು ಜ್ಞಾನ ಅಂತ ಆ ಪದವನ್ನು ಎತ್ತರದಲ್ಲಿ ಕೂರಿಸಿದವರು ನಾವೇ ತಾನೆ? ಐವತ್ತು ವರ್ಷ ಉಳಿ ಹಿಡಿದ ಮನುಷ್ಯ ತನಗದು ಇಲ್ಲವೇ ಇಲ್ಲ ಅಂದುಕೊಂಡಿದ್ದಾರೆ. ಅಪ್ಪನಿಗೇ ಹಾಗನ್ನಿಸಿದರೆ ಮಗ ಯಾಕೆ ಕಲಿಯಬೇಕು? (ಹೊಟ್ಟೆಪಾಡು, ಗಂಧದ ಮರದ ಅಭಾವ ಎಲ್ಲ ಇದ್ದೇ ಇದೆ, ಒಪ್ಪುತ್ತೇನೆ.)

ಅಕ್ಕನ ಮಗಳಿಗೆ ಹೇಳಿದೆ. "ಹಾಗಾದ್ರೆ ಸವ್ವಾರ್-ಫೇರ್ ಅಂತ ಹಾಕ್ಲಾ? ಕೈಕೆಲಸ ಬಲ್ಲವರು ಅಂತ?" ಅಂದಳು. ಬೇಡ ಅಂದೆ. ಅದರಲ್ಲಿ ಉಳಿ ಬರುತ್ತೆ, ಲೆಕ್ಕ ಬರೋದಿಲ್ಲ. ಬರೀ ‘ಸವ್ವಾರ್’ ಅಂತಲೇ ಹಾಕು, ಕೋಡಿಮಠದ ಪಂಡಿತರ ವಿದ್ಯೆಗೆ ಯಾವ ಪದ ಹಾಕುತ್ತಿದ್ದೆಯೋ ಅದನ್ನೇ ಹಾಕು ಅಂದೆ.

ಕನ್ನಡದಲ್ಲಾದರೆ? ನಾನು ‘ಜ್ಞಾನ’ ಬಿಟ್ಟು ‘ತಿಳಿವಳಿಕೆ’ ಅಂತ ಬರೆಯುತ್ತೇನೆ. ಅದನ್ನು ಅವರು ತಮ್ಮದಲ್ಲ ಅನ್ನಲಿಕ್ಕಿಲ್ಲ. ನಮ್ಮ ಮಾತಿನಲ್ಲೇ ಎಷ್ಟು ಚಂದ ಇದೆ ನೋಡಿ: ಪರಿಚಯದವರು ‘ಗೊತ್ತು’, ಕೆತ್ತನೆ ‘ಬರುತ್ತೆ’. ಕರೆಯುವವರಿಲ್ಲದಿದ್ದರೆ ಬರೋದು ನಿಂತೂ ಹೋಗುತ್ತೆ.

ನೀವು ಅನುವಾದ ಮಾಡುವಾಗ ಯಾವ ಪದ ಹಾಕ್ತೀರಿ? ಕಾಮೆಂಟಿನಲ್ಲಿ ತಿಳಿಸಿ, ಜಗಳಕ್ಕೂ ಸಿದ್ಧ :)