ಎದೆ ನಮ್ಮದು, ಸೆಟ್ಟಿಂಗ್ ಯಾರದು?

ಕಾನ್ಫಿಗ್ ಫೈಲ್ ಕೊಡದೆ ಬರೀ ಲಾಗ್ ಕಳಿಸಿ ‘ಬಗ್ ಎಲ್ಲಿದೆ ಹೇಳು’ ಅಂದರೆ ನಮ್ಮಲ್ಲಿ ಯಾವ ಇಂಜಿನಿಯರ್ ಸುಮ್ಮನಿರ್ತಾನೆ? ಟಿಕೆಟ್ಟನ್ನು ಹಾಗೇ ವಾಪಸ್ ಕಳಿಸ್ತಾನೆ. ಆದರೆ ಪೇಸ್‌ಮೇಕರ್ ಹಾಕಿಸಿಕೊಂಡ ನಮ್ಮ ಹಿರಿಯರು ಬದುಕ್ತಿರೋದು ಹೀಗೇ. ನಂಬರ್ ಕೈಯಲ್ಲಿರುತ್ತೆ, ಅದರ ಅರ್ಥ ಮಾತ್ರ ಬೇರೆಯವರ ಕಪಾಟಿನಲ್ಲಿರುತ್ತೆ.

ಕಮಲಾಪುರದಲ್ಲಿರೋ ನಮ್ಮ ಕಾಕಾನ ಪೇಸ್‌ಮೇಕರ್ ನಿಮಿಷಕ್ಕೆ 60ಕ್ಕಿಂತ ಕಡಿಮೆ ಬಡಿಯಲು ಬಿಡುವುದಿಲ್ಲ ಅಂತ ಮನೆಯವರಿಗೆ ಹೇಳಿದ್ದರು. ಒಂದು ರಾತ್ರಿ ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್ 36 ತೋರಿಸಿತು. ಗಾಡಿ ಮಾಡಿಕೊಂಡು ಕಲಬುರಗಿಗೆ ಓಡಿದರು. ಅಲ್ಲಿ ಇಸಿಜಿ ತೆಗೆದು, ಪೇಸ್‌ಮೇಕರ್ ಪರೀಕ್ಷೆ ಮಾಡಿ, ‘ಮಷೀನ್ ಬರೋಬರಿ ಅದ, ಹೋಗ್ರಿ’ ಅಂದರು. ಹಂಗಾದ್ರ 36 ಯಾಕ ಬಂತು ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ: ‘ಅದೆಲ್ಲಾ ತಗೊಂಡು ನೀವೇನ್ ಮಾಡ್ತೀರಿ ಕಾಕಾ?’

ಆ ಉತ್ತರವೇನೂ ಬ್ರಹ್ಮವಿದ್ಯೆಯಲ್ಲ. ಬಡಿತ ಬೇರೆ, ನಾಡಿ ಬೇರೆ. ಹೃದಯದ ಕೆಳಕೋಣೆಯಿಂದ ಕೆಲವೊಮ್ಮೆ ಅವಧಿಗೆ ಮುಂಚೆಯೇ ಒಂದು ಬಡಿತ ಬರುತ್ತದೆ. ಅಷ್ಟರಲ್ಲಿ ರಕ್ತ ಪೂರ್ತಿ ತುಂಬಿರುವುದಿಲ್ಲ, ಹಾಗಾಗಿ ಬೆರಳಿನ ತುದಿಗೆ ಅದರ ಏಟು ತಲುಪುವುದಿಲ್ಲ. ಪೇಸ್‌ಮೇಕರ್ ಅದನ್ನು ಬಡಿತ ಅಂತಲೇ ಎಣಿಸುತ್ತದೆ, ಆಕ್ಸಿಮೀಟರ್ ಎಣಿಸುವುದಿಲ್ಲ. ಒಂದು ಬಿಟ್ಟು ಒಂದು ಹೀಗೇ ಬಂದರೆ 72 ಅನ್ನೋದು 36 ಆಗಿ ಕಾಣುತ್ತದೆ. ಎರಡೂ ಯಂತ್ರ ಸುಳ್ಳು ಹೇಳ್ತಿಲ್ಲ, ಎಣಿಸುವ ವಸ್ತುವೇ ಬೇರೆ.

ಇಂಥ ಒಗಟು ಇನ್ನೂ ಇವೆ. ಹಿಸ್ಟರಿಸಿಸ್ ಅನ್ನೋ ಸೆಟ್ಟಿಂಗ್ ಇದ್ದರೆ, 60ಕ್ಕೆ ಇಟ್ಟ ಪೇಸ್‌ಮೇಕರ್ ಕೂಡ ಹೃದಯದ ಸ್ವಂತ ಬಡಿತವನ್ನು 50ರವರೆಗೂ ಇಳಿಯಲು ಬಿಡಬಹುದು. ರಾತ್ರಿಗೆ ಬೇರೆಯೇ ಕನಿಷ್ಠ ಇಟ್ಟಿರಬಹುದು. ಮೈ ಅಲುಗಾಟ ಗುರುತಿಸೋ ಸೆನ್ಸರ್ ಆನ್ ಇದ್ದರೆ, ಟಂಟಂನಲ್ಲಿ ಸುಮ್ಮನೆ ಕುಳಿತು ಕುಲುಕಾಡಿದರೂ ಬಡಿತ ಏರಬಹುದು. ಬ್ಯಾಟರಿ ನೋಡಲು ಡಾಕ್ಟರು ಪೇಸ್‌ಮೇಕರ್ ಮೇಲೆ ಅಯಸ್ಕಾಂತ ಇಡುತ್ತಾರೆ. ಆಗ ಮೆಡ್‌ಟ್ರಾನಿಕ್ ಕಂಪನಿಯದು ಸಾಮಾನ್ಯವಾಗಿ 85ಕ್ಕೆ ಬಡಿದರೆ ಬ್ಯಾಟರಿ ಚೆನ್ನಾಗಿದೆ ಅಂತ ಅರ್ಥ. ಬಾಸ್ಟನ್ ಸೈಂಟಿಫಿಕ್‌ನದರಲ್ಲಿ ಅದೇ 85 ಬಂದರೆ ಬದಲಿಸುವ ಹೊತ್ತಾಯಿತು ಅಂತ. ನಂಬರ್ ಒಂದೇ, ಅರ್ಥ ಉಲ್ಟಾ. ಕಂಪನಿ ಯಾವುದು, ಸೆಟ್ಟಿಂಗ್ ಏನು ಅಂತ ಗೊತ್ತಿಲ್ಲದವನಿಗೆ ಆ ನಂಬರಿನಿಂದ ಪ್ರಯೋಜನವೇನು?

ಇದು ಬರೀ ಕುತೂಹಲದ ಮಾತಲ್ಲ. ತಂತಿ ಜಾಗ ಬಿಟ್ಟು ಸರಿದಾಗಲೂ ನಾಡಿ ಇಳಿಯುತ್ತದೆ. ಎರಡು ಸಲ ‘ಏನಿಲ್ಲ ಹೋಗ್ರಿ’ ಅನ್ನಿಸಿಕೊಂಡು ಬಂದ ಮನೆಯವರು, ಮೂರನೇ ಸಲ ತಲೆಸುತ್ತು ಬಂದಾಗಲೂ ‘ಮಿಷನ್ನೇ ಹಂಗ’ ಅಂತ ಮಲಗಿಸಿಬಿಟ್ಟರೆ? ಅರ್ಥ ಹೇಳದೆ ಕಳಿಸೋದು ಧೈರ್ಯ ತುಂಬೋದಲ್ಲ.

ಹಳ್ಳಿ ಜನಕ್ಕೆ ಇದೆಲ್ಲ ತಿಳಿಯಲ್ಲ ಅನ್ನೋರು ಒಮ್ಮೆ ನಮ್ಮೂರಿಗೆ ಬನ್ನಿ. ಕೆಂಪು ಬಾಳೆ ಬೆಳೆಯೋ ರೈತ ಬೋರ್‌ವೆಲ್ ಸ್ಟಾರ್ಟರ್ ಡಬ್ಬಿ ತೆರೆದು ಯಾವ ಫೇಸ್ ಹೋಗಿದೆ ಅಂತ ಹೇಳ್ತಾನೆ. ಅವನಿಗೆ 60, 50 ತಿಳಿಯಲ್ವಾ? ಡಾಕ್ಟರಿಗೆ ಪುರಸೊತ್ತಿಲ್ಲ ಅನ್ನೋದು ನಿಜ. ಅದಕ್ಕೇ ಹಾಳೆ ಇರೋದು. ಪೇಸ್‌ಮೇಕರ್ ಪರೀಕ್ಷಿಸೋ ಯಂತ್ರದಲ್ಲೇ ಈ ಸೆಟ್ಟಿಂಗ್‌ಗಳೆಲ್ಲ ಪ್ರಿಂಟ್ ಆಗುತ್ತವೆ. ಇನ್ನು ಸುರಕ್ಷತೆಯ ಮಾತು. ನಾವು ಕೇಳ್ತಿರೋದು ರೀಡ್ ಪರ್ಮಿಷನ್, ರೈಟ್ ಅಲ್ಲ.

ಅಮೆರಿಕದಲ್ಲಿ ಎದೆಯೊಳಗೆ ಯಂತ್ರ ಇಟ್ಟುಕೊಂಡೇ ಹ್ಯೂಗೊ ಕ್ಯಾಂಪೋಸ್, ಕ್ಯಾರೆನ್ ಸ್ಯಾಂಡ್ಲರ್ ಇದಕ್ಕಾಗಿ ಹೋರಾಡಿದರು. 2015ರಲ್ಲಿ, ರೋಗಿ ತನ್ನದೇ ಉಪಕರಣದ ಮಾಹಿತಿ ಓದಿಕೊಳ್ಳಲು ಅಲ್ಲಿನ ಕಾಪಿರೈಟ್ ಕಾಯ್ದೆಯಲ್ಲಿ ವಿನಾಯಿತಿ ಸಿಕ್ಕಿತು. ನಮ್ಮಲ್ಲಿ ಅಷ್ಟು ದೂರ ಹೋಗೋದೂ ಬೇಡ. ರೋಗಿ ಕೇಳಿದರೆ ವೈದ್ಯಕೀಯ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕು ಅಂತ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯೇ ಹೇಳುತ್ತದೆ. ನಿಯಮ ಇದೆ, ಕೇಳೋ ಬಾಯಿ ಕಡಿಮೆ.

ಇದು ಯಾವುದೋ ಒಂದು ಆಸ್ಪತ್ರೆಯ ಮೇಲಿನ ದೂರಲ್ಲ. ಎದೆನೋವು ಅಂದರೆ ಹೈದರಾಬಾದಿಗೋ ಸೋಲಾಪುರಕ್ಕೋ ಓಡುತ್ತಿದ್ದ ನಮ್ಮ ಭಾಗಕ್ಕೆ ಇವತ್ತು ಜಯದೇವ ಬಂದಿದೆ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲೇ ಅದರ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಯಾಯಿತು. ಯಂತ್ರ ಬಂತು, ಕಟ್ಟಡ ಬಂತು. ಇನ್ನು ಬರಬೇಕಾದದ್ದು ಒಂದು ಹಾಳೆ. ಕಂಪನಿ, ಮಾಡೆಲ್, ಹಗಲು-ರಾತ್ರಿಯ ಕನಿಷ್ಠ ಬಡಿತ, ಗರಿಷ್ಠ ಬಡಿತ, ಹಿಸ್ಟರಿಸಿಸ್, ಸೆನ್ಸರ್ ಆನೋ ಆಫೋ, ಬ್ಯಾಟರಿ ಎಷ್ಟಿದೆ, ಯಾವಾಗ ತಕ್ಷಣ ಆಸ್ಪತ್ರೆಗೆ ಬರಬೇಕು. ಇಷ್ಟೇ, ಆದರೆ ಕನ್ನಡದಲ್ಲಿ. ರಾಜ್ಯದ ಪ್ರತಿ ಆಸ್ಪತ್ರೆಯೂ ಪೇಸ್‌ಮೇಕರ್ ಹಾಕಿದವರ ಕೈಗೆ ಇದನ್ನು ಕೊಟ್ಟೇ ಮನೆಗೆ ಕಳಿಸಬೇಕು.

ಅಲ್ಲಿಯವರೆಗೆ ಕೆಲಸ ನಮ್ಮದು. ಚೆಕಪ್ ದಿನ ಊರಿಗೆ ಫೋನ್ ಮಾಡಿದಾಗ ‘ದುಡ್ಡು ಹಾಕ್ಲಾ?’ ಅಂತ ಮಾತ್ರ ಕೇಳಿ ಇಡಬೇಡಿ. ‘ಸೆಟ್ಟಿಂಗ್ ಹಾಳೆ ಇಸ್ಕೊಂಡ್ರಾ?’ ಅಂತಲೂ ಕೇಳಿ. ಕೊಡಲಿಲ್ಲ ಅಂದರೆ, ಲಿಖಿತ ಅರ್ಜಿ ನೀವೇ ಬರೆದುಕೊಡಿ.